ಟೆರಿಟೋರಿಯಲ್ ಆರ್ಮಿ: ಎರಡು ಬದುಕಿನ ಸೈನಿಕರು

ಬೇರೊಂದು ಉದ್ಯೋಗದಲ್ಲಿದ್ದುಕೊಂಡೇ ವರ್ಷಕ್ಕೆ ಕೆಲವು ವಾರ ಸೈನಿಕರಾಗಿ ದುಡಿಯುವ ನಾಗರಿಕರ ಪಡೆಯೇ ಭಾರತದ ಟೆರಿಟೋರಿಯಲ್ ಆರ್ಮಿ. ಕನ್ನಡ ಪತ್ರಿಕೆಗಳಲ್ಲಿ ಪ್ರಾದೇಶಿಕ ಸೇನೆ ಎಂಬ ಹೆಸರೂ ಬಳಕೆಯಲ್ಲಿದೆ. ಭಾರತೀಯ ಭೂಸೇನೆಯ ಅಂಗವಾದ ಈ ಪಡೆಗೆ ಹೊಣೆಗಳು ಹಲವು. ಕಾಯಂ ಸೇನೆಯ ಕಾವಲು ಕೆಲಸಗಳನ್ನು ಹಂಚಿಕೊಳ್ಳುವುದು, ಪ್ರಕೃತಿ ವಿಕೋಪಗಳಲ್ಲಿ ಆಡಳಿತದ ನೆರವಿಗೆ ನಿಲ್ಲುವುದು, ರೈಲು, ತೈಲದಂಥ ಅತ್ಯವಶ್ಯಕ ಸೇವೆಗಳು ನಿಂತುಹೋಗದಂತೆ ನೋಡಿಕೊಳ್ಳುವುದು, ಯುದ್ಧ ಬಂದರೆ ಹೆಚ್ಚುವರಿ ಬಲ ಒದಗಿಸುವುದು. ಎಚ್ಚರ ಮತ್ತು ಶೌರ್ಯ ಎಂಬರ್ಥದ ‘ಸಾವಧಾನಿ ವ ಶೂರತಾ’ ಇದರ ಧ್ಯೇಯವಾಕ್ಯ.

ಕರ್ನಾಟಕದ ಅನೇಕರಿಗೆ ಈ ಹೆಸರು ಪರಿಚಯವಾದದ್ದು ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯಿಂದ. 2011ರಲ್ಲಿ ಅವರಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಸಿಕ್ಕಿತು. ಅವರು ಸೇರಿದ 106 ಇನ್‌ಫೆಂಟ್ರಿ ಬೆಟಾಲಿಯನ್ (ಪ್ಯಾರಾ) ಬೆಂಗಳೂರಿನಲ್ಲಿ ನೆಲೆ ಇರುವ ಘಟಕ. 2015ರಲ್ಲಿ ಧೋನಿ ಆಗ್ರಾದಲ್ಲಿ ವಿಮಾನದಿಂದ ಧುಮುಕುವ ಪ್ಯಾರಾಚೂಟ್ ತರಬೇತಿ ಮುಗಿಸಿದರು. 2019ರ ಆಗಸ್ಟ್ ಮೊದಲ ಎರಡು ವಾರ ಕಾಶ್ಮೀರದಲ್ಲಿ ಗಸ್ತು ತಿರುಗಿದರು, ಕಾವಲು ನಿಂತರು. ಕಪಿಲ್ ದೇವ್ ಅವರಿಗೆ 2008ರಲ್ಲಿ, ಮಲಯಾಳಂ ನಟ ಮೋಹನ್‌ಲಾಲ್ ಅವರಿಗೆ 2009ರಲ್ಲಿ ಇಂಥದೇ ಪದವಿ ಸಂದಿತ್ತು. ಇವರ ಸಮವಸ್ತ್ರದ ಚಿತ್ರಗಳು ಪಡೆಗೆ ಪ್ರಚಾರ ತಂದುಕೊಟ್ಟವು, ನಿಜ. ಆದರೆ ಟೆರಿಟೋರಿಯಲ್ ಆರ್ಮಿ ಎಂದರೆ ಖ್ಯಾತನಾಮರಿಗೆ ಕೊಡುವ ಬಿರುದು ಎಂಬ ತಪ್ಪು ತಿಳಿವಳಿಕೆಯೂ ಅವುಗಳ ಜೊತೆಗೇ ಹರಡಿತು. ಈ ಪಡೆಯನ್ನು ಏಳು ದಶಕಕ್ಕೂ ಮೀರಿ ಹೊತ್ತು ನಡೆಸಿದವರು ಹೊಲಗದ್ದೆಗಳಿಂದ, ಅಂಗಡಿ, ಕಚೇರಿ, ಕಾರ್ಖಾನೆಗಳಿಂದ ಬಂದ ಸಾಮಾನ್ಯರು ಮತ್ತು ನಿವೃತ್ತಿಯ ನಂತರವೂ ಮತ್ತೆ ಬೂಟು ಕಟ್ಟಿದ ಮಾಜಿ ಸೈನಿಕರು.

ಬೇರುಗಳು ಬ್ರಿಟಿಷರ ಕಾಲದವು. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಇಂಡಿಯನ್ ಡಿಫೆನ್ಸ್ ಫೋರ್ಸ್ ರಚನೆಯಾಯಿತು. 1920ರಲ್ಲಿ ಅದನ್ನು ಎರಡಾಗಿ ಒಡೆದು ಯುರೋಪಿಯನ್ನರು ಹಾಗೂ ಆಂಗ್ಲೋ ಇಂಡಿಯನ್ನರಿಗೆ ಆಕ್ಸಿಲರಿ ಫೋರ್ಸ್, ಭಾರತೀಯರಿಗೆ ಇಂಡಿಯನ್ ಟೆರಿಟೋರಿಯಲ್ ಫೋರ್ಸ್ ಎಂದು ಮಾಡಿದರು. ಜನಾಂಗ ನೋಡಿ ಪಡೆ ಹಂಚಿದ ಕಾಲ ಅದು. ಕೊಡಗಿನಲ್ಲೂ ಟೆರಿಟೋರಿಯಲ್ ಫೋರ್ಸಿನ ಒಂದು ಬೆಟಾಲಿಯನ್ ಇತ್ತು.

ಸ್ವತಂತ್ರ ಭಾರತ 1948ರಲ್ಲಿ ಟೆರಿಟೋರಿಯಲ್ ಆರ್ಮಿ ಕಾಯ್ದೆ ತಂದಿತು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಪಡೆಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಆ ದಿನವನ್ನೇ ಪಡೆಯ ಸಂಸ್ಥಾಪನಾ ದಿನವಾಗಿ ಆಚರಿಸಲಾಗುತ್ತದೆ. ಆಗ ಭೂಸೇನೆಯ ಚುಕ್ಕಾಣಿ ಕೊಡಗಿನವರಾದ ಕೆ.ಎಂ. ಕಾರ್ಯಪ್ಪನವರ ಕೈಯಲ್ಲಿತ್ತು. ಅದೇ ವರ್ಷದ ಜನವರಿ 15ರಂದು ಅವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದರು. ಆರಂಭದ ವರ್ಷಗಳಲ್ಲಿ ಈ ಪಡೆಯಲ್ಲಿ ಫಿರಂಗಿ, ವಿಮಾನ ನಿರೋಧಕ, ಸಿಗ್ನಲ್ ಘಟಕಗಳೂ ಇದ್ದವು. 1972ರ ಹೊತ್ತಿಗೆ ಅವುಗಳಲ್ಲಿ ಕೆಲವು ಕಾಯಂ ಸೇನೆಯಲ್ಲಿ ಸೇರಿಹೋದವು, ಉಳಿದವು ಮುಚ್ಚಿದವು. ಕಾಲಾಳು ಬೆಟಾಲಿಯನ್‌ಗಳೇ ಬೆನ್ನೆಲುಬಾಗಿ ಉಳಿದವು.

ಸೇರ್ಪಡೆಗೆ ವಯಸ್ಸು 18ರಿಂದ 42. ಜವಾನ ಹುದ್ದೆಗೆ ಬರುವವರ ಓಟ, ಎತ್ತರ, ಎದೆ ಸುತ್ತಳತೆಯ ಪರೀಕ್ಷೆ ಕಾಯಂ ಸೇನೆಯ ಭರ್ತಿಯ ಹಾಗೆಯೇ ನಡೆಯುತ್ತದೆ. ಆಯ್ಕೆಯಾದವರಿಗೆ ಮೊದಲು ಮೂಲ ತರಬೇತಿ, ಆಮೇಲೆ ಕಾಲಾಳು ಘಟಕಗಳಲ್ಲಿ ಪ್ರತಿ ವರ್ಷ ಎರಡು ತಿಂಗಳ ಶಿಬಿರ. ನಗರ ಘಟಕಗಳಲ್ಲಿ ವಾರಾಂತ್ಯದ ಕವಾಯತು, ಜೊತೆಗೆ ವರ್ಷಕ್ಕೊಂದು ಸಣ್ಣ ಶಿಬಿರ. ಶಿಬಿರದಲ್ಲಿರುವಷ್ಟು ದಿನ ಸೇನೆಯ ಸಂಬಳ, ಸವಲತ್ತು. ಮುಗಿದ ಮೇಲೆ ಮನೆಗೆ, ಹಳೆಯ ಕೆಲಸಕ್ಕೆ. ಹಾಗೆ ಹಿಂದಿರುಗಿದವರನ್ನು ಮಾಲೀಕ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಲೇಬೇಕೆಂದು ಕಾಯ್ದೆ ಹೇಳುತ್ತದೆ. ಈ ಒಂದು ಕಲಮು ಇಲ್ಲದಿದ್ದರೆ ಸಂಬಳದಾರರು ಯಾರೂ ಈ ಪಡೆಯತ್ತ ಸುಳಿಯುವಂತಿರಲಿಲ್ಲ.

ಸರ್ಕಾರ ಇಡೀ ಘಟಕವನ್ನು ಪೂರ್ಣಾವಧಿ ಸೇವೆಗೆ ಕರೆಸಿಕೊಳ್ಳುವುದೂ ಉಂಟು. ಪಡೆಯೊಳಗೆ ಅದಕ್ಕೆ ‘ಎಂಬಾಡಿಮೆಂಟ್’ ಎನ್ನುತ್ತಾರೆ. 1962, 1965, 1971ರ ಯುದ್ಧಗಳಲ್ಲಿ, ಶ್ರೀಲಂಕಾ ಕಾರ್ಯಾಚರಣೆಯಲ್ಲಿ, ಕಾಶ್ಮೀರ ಮತ್ತು ಈಶಾನ್ಯದಲ್ಲಿ ಈ ಘಟಕಗಳು ಕೆಲಸ ಮಾಡಿವೆ. ಕೆಲವು ಬೆಟಾಲಿಯನ್‌ಗಳ ಕರೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಅಂಥಲ್ಲಿ ಅರೆಕಾಲಿಕ ಸೈನಿಕ ಪೂರ್ಣಕಾಲಿಕನೇ ಆಗಿಬಿಡುತ್ತಾನೆ.

ಭರ್ತಿಯ ಮೈದಾನದಲ್ಲಿ ಕಾಣುವ ಇಕ್ಕಟ್ಟಿಗೂ ಇದೇ ಮೂಲ. 115 ಇನ್‌ಫೆಂಟ್ರಿ ಬೆಟಾಲಿಯನ್ (ಮಹಾರ್) ನೆಲೆಸಿರುವ ಬೆಳಗಾವಿಯಲ್ಲಿ ರ‍್ಯಾಲಿ ನಡೆದರೆ ಕರ್ನಾಟಕದವರಲ್ಲದೆ ನೆರೆ ರಾಜ್ಯಗಳ ಯುವಕರೂ ರಾತ್ರಿಯೇ ಬಂದು ಸಾಲು ನಿಲ್ಲುತ್ತಾರೆ. 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಆಮೇಲೆ ಕಂಬಿ ಹಿಡಿದು ಮೈ ಎತ್ತುವುದು, ಒಂಬತ್ತಡಿ ಹಳ್ಳ ಹಾರುವುದು. ಇದು ಕಾಯಂ ನೌಕರಿಯಲ್ಲ ಎಂದು ಪ್ರತಿ ಪ್ರಕಟಣೆಯಲ್ಲೂ ಬರೆದಿರುತ್ತದೆ. ಬಂದವರಲ್ಲಿ ಬಹಳಷ್ಟು ಮಂದಿಗೆ ಬೇಕಿರುವುದು ಮಾತ್ರ ಕಾಯಂ ನೌಕರಿಯೇ. ಉದ್ಯೋಗ ಇರುವವರಿಗಾಗಿ ಕಟ್ಟಿದ ಪಡೆಯ ಬಾಗಿಲಲ್ಲಿ ಉದ್ಯೋಗ ಇಲ್ಲದವರು ನಿಂತಿರುವುದನ್ನು ಸರ್ಕಾರ ಕಣ್ತೆರೆದು ನೋಡಬೇಕು.

ಪಡೆಯಲ್ಲಿ ಇಲಾಖಾ ಘಟಕಗಳು ಎಂಬ ಇನ್ನೊಂದು ವಿಭಾಗವಿದೆ. ರೈಲ್ವೆ, ಒಎನ್‌ಜಿಸಿ, ಇಂಡಿಯನ್ ಆಯಿಲ್ ಮುಂತಾದ ಸಂಸ್ಥೆಗಳ ನೌಕರರೇ ಅಲ್ಲಿನ ಸೈನಿಕರು. ಸ್ವಯಂಸೇವೆಯೇ ಪಡೆಯ ತಳಹದಿಯಾದರೂ ಸರ್ಕಾರಿ ಮತ್ತು ಸಾರ್ವಜನಿಕ ಸೇವೆಯ ಕೆಲವು ವರ್ಗದ ನೌಕರರಿಗೆ ಸೇರ್ಪಡೆಯನ್ನು ಕಡ್ಡಾಯ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. 1974ರ ಮೇ ತಿಂಗಳಲ್ಲಿ ದೇಶದ ರೈಲ್ವೆ ಕಾರ್ಮಿಕರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ನಾಯಕತ್ವದಲ್ಲಿ ಮುಷ್ಕರ ಹೂಡಿದಾಗ ರೈಲು ಓಡಿಸಲು ಟೆರಿಟೋರಿಯಲ್ ಆರ್ಮಿಯ ರೈಲ್ವೆ ಘಟಕಗಳನ್ನು ಕರೆಸಲಾಯಿತು. ಎಂಜಿನ್ ಏರಿದವನೂ ರೈಲ್ವೆ ನೌಕರ, ಹಳಿಯ ಪಕ್ಕ ಘೋಷಣೆ ಕೂಗಿದವನೂ ರೈಲ್ವೆ ನೌಕರ. ಅದೇ ಫರ್ನಾಂಡಿಸ್ ಕಾರ್ಗಿಲ್ ಯುದ್ಧದ ವೇಳೆಗೆ ದೇಶದ ರಕ್ಷಣಾ ಸಚಿವರಾಗಿದ್ದರು. ಟೆರಿಟೋರಿಯಲ್ ಆರ್ಮಿ ಅವರ ಖಾತೆಯಡಿಗೇ ಬರುತ್ತಿತ್ತು. ರೈಲ್ವೆ ಘಟಕಗಳಲ್ಲಿ ಹೆಚ್ಚಿನವನ್ನು ಇತ್ತೀಚಿನ ವರ್ಷಗಳಲ್ಲಿ ವಿಸರ್ಜಿಸಲಾಗಿದೆ.

ಈ ಪಡೆ ಮಾಡಿದ ಕೆಲಸಗಳಲ್ಲಿ ಅತ್ಯಂತ ಹೆಮ್ಮೆಯದು ಯಾವುದೆಂದು ಕೇಳಿದರೆ ಮಸ್ಸೂರಿ ಬೆಟ್ಟಗಳತ್ತ ಬೆರಳು ತೋರಿಸಬೇಕಾಗುತ್ತದೆ. ಡೆಹ್ರಾಡೂನ್ ಮೇಲಿನ ಆ ಬೆಟ್ಟಗಳನ್ನು ಸುಣ್ಣಕಲ್ಲಿಗಾಗಿ ದಶಕಗಟ್ಟಲೆ ಸಿಡಿಸಿ, ಬಗೆದು ಬೋಳು ಮಾಡಲಾಗಿತ್ತು. ಮಳೆ ಬಂದರೆ ಕಲ್ಲುಮಣ್ಣು ಕಣಿವೆಗೆ ಇಳಿಯುತ್ತಿತ್ತು, ತೊರೆಗಳು ಹೂಳಿನಿಂದ ತುಂಬುತ್ತಿದ್ದವು. 1982ರ ಡಿಸೆಂಬರ್‌ನಲ್ಲಿ ಅಲ್ಲಿಗೆ 127 ಇನ್‌ಫೆಂಟ್ರಿ ಬೆಟಾಲಿಯನ್ (ಗಢವಾಲ್ ರೈಫಲ್ಸ್) ಎಂಬ ಪರಿಸರ ಬೆಟಾಲಿಯನ್ ಬಂತು. ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ನೀಡಿದ ಸಲಹೆ ಮತ್ತು ಇಂದಿರಾ ಗಾಂಧಿಯವರ ಆಸಕ್ತಿ ಇದರ ಹಿಂದಿತ್ತು. ಭರ್ತಿಯಾದವರು ಅದೇ ಗಢವಾಲದ ಮಾಜಿ ಸೈನಿಕರು.

ಶಹನ್‌ಶಾಹಿ ಪ್ರದೇಶದ ಆ ಕಡಿದಾದ ಇಳಿಜಾರಿನಲ್ಲಿ ಮಣ್ಣೇ ಉಳಿದಿರಲಿಲ್ಲ. ಮೊದಲು ಕಲ್ಲಿನ ತಡೆಗೋಡೆ ಕಟ್ಟಿ ನೀರಿನ ರಭಸ ಮುರಿಯಬೇಕು. ಗುಂಡಿ ತೋಡಿ ಮಣ್ಣು, ಗೊಬ್ಬರ ತುಂಬಬೇಕು. ಸಸಿಮಡಿಯಿಂದ ಗಿಡಗಳನ್ನು ಹೊತ್ತು ಬೆಟ್ಟ ಹತ್ತಬೇಕು. ನೆಟ್ಟ ಮೇಲೆ ದನ, ಮೇಕೆ ನುಗ್ಗದಂತೆ ಕಾಯಬೇಕು. ಬಂದೂಕು ಹಿಡಿದಿದ್ದ ಕೈಗಳು ಹಾರೆ, ಗುದ್ದಲಿ ಹಿಡಿದು ವರ್ಷದಿಂದ ವರ್ಷಕ್ಕೆ ಇದನ್ನೇ ಮಾಡಿದವು. ನೆಟ್ಟು ಫೋಟೊ ತೆಗೆಸಿಕೊಂಡು ಮರೆಯುವ ವನಮಹೋತ್ಸವಗಳನ್ನು ನೋಡಿದವರಿಗೆ ಈ ಶಿಸ್ತಿನ ಬೆಲೆ ಗೊತ್ತಾಗುತ್ತದೆ. ಡೂನ್ ಕಣಿವೆಯ ಗಣಿಗಳ ವಿರುದ್ಧ ಸುಪ್ರೀಂ ಕೋರ್ಟ್ 1985ರಲ್ಲಿ ಆದೇಶ ನೀಡುವ ಮೊದಲೇ ಬೆಟಾಲಿಯನ್ ಕೆಲಸ ಶುರುಮಾಡಿತ್ತು. ಇಂದು ಆ ಇಳಿಜಾರುಗಳಲ್ಲಿ ಹಸಿರು ಮರಳಿದೆ.

ಮಸ್ಸೂರಿಯಲ್ಲಿ ಕೆಲಸ ಶುರುವಾದ ಮರುವರ್ಷವೇ 128ನೇ ಬೆಟಾಲಿಯನ್ ರಾಜಸ್ಥಾನದಲ್ಲಿ ಇಂದಿರಾ ಗಾಂಧಿ ಕಾಲುವೆಯ ಅಂಚಿಗೆ ಗಿಡ ನೆಟ್ಟು ಮರಳು ದಿಬ್ಬಗಳನ್ನು ತಡೆದು ನಿಲ್ಲಿಸಲು ಇಳಿಯಿತು. ದೆಹಲಿಯ ಭಟ್ಟಿ ಗಣಿ ಪ್ರದೇಶ, ಜಮ್ಮು, ಹಿಮಾಚಲ, ಅಸ್ಸಾಂ, ಮಹಾರಾಷ್ಟ್ರದ ಔರಂಗಾಬಾದ್ ಭಾಗಗಳಿಗೂ ಇಂಥ ಬೆಟಾಲಿಯನ್‌ಗಳು ಬಂದವು.

2000ದ ದಶಕದ ಆರಂಭದಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ‘ಹೋಮ್ ಅಂಡ್ ಹಾರ್ತ್’ ಬೆಟಾಲಿಯನ್‌ಗಳು ಹುಟ್ಟಿದವು. ಸ್ಥಳೀಯರನ್ನೇ ಭರ್ತಿ ಮಾಡಿ, ಅವರ ಊರು ಸೀಮೆಯಲ್ಲೇ ಕೆಲಸ ಕೊಡುವುದು ಇದರ ಕ್ರಮ. ಕುಲ್ಗಾಂ ಜಿಲ್ಲೆಯ ಅಶ್ಮುಜಿ ಗ್ರಾಮದ ನಜೀರ್ ಅಹ್ಮದ್ ವಾನಿ 2004ರಲ್ಲಿ 162ನೇ ಬೆಟಾಲಿಯನ್ ಸೇರಿದರು. ಒಂದು ಕಾಲಕ್ಕೆ ಉಗ್ರರ ಜೊತೆಗಿದ್ದು, ಆ ದಾರಿ ಬಿಟ್ಟು ಬಂದವರು. ಎರಡು ಬಾರಿ ಸೇನಾ ಪದಕ ಪಡೆದರು. 2018ರ ನವೆಂಬರ್ 25ರಂದು ಶೋಪಿಯಾನ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಉಗ್ರರು ಅಡಗಿದ್ದ ಮನೆಯನ್ನು ಭೂಸೇನೆಯ 34 ರಾಷ್ಟ್ರೀಯ ರೈಫಲ್ಸ್ ಘಟಕ ಸುತ್ತುವರಿದಾಗ, ಉಗ್ರರು ತಪ್ಪಿಸಿಕೊಳ್ಳುವ ದಾರಿಗೆ ಅಡ್ಡ ನಿಂತವರು ಲ್ಯಾನ್ಸ್ ನಾಯಕ್ ವಾನಿ. ಗುಂಡು, ಗ್ರೆನೇಡ್‌ಗಳ ನಡುವೆ ಒಬ್ಬನನ್ನು ಹೊಡೆದುರುಳಿಸಿದರು. ಮನೆಯತ್ತ ನುಗ್ಗಿ, ಕಿಟಕಿಯಿಂದ ಜಿಗಿದ ಇನ್ನೊಬ್ಬನನ್ನು ಕೈಕೈ ಮಿಲಾಯಿಸಿ ಮುಗಿಸಿದರು. ತೀವ್ರವಾಗಿ ಗಾಯಗೊಂಡ ಅವರು ಬದುಕುಳಿಯಲಿಲ್ಲ. 2019ರ ಗಣರಾಜ್ಯೋತ್ಸವದಲ್ಲಿ ಅವರ ಪತ್ನಿ ರಾಷ್ಟ್ರಪತಿಯವರಿಂದ ಅಶೋಕ ಚಕ್ರ ಸ್ವೀಕರಿಸಿದರು. ಶಾಂತಿಕಾಲದ ಆ ಪರಮೋಚ್ಚ ಶೌರ್ಯ ಪ್ರಶಸ್ತಿ ಸಂದಿದ್ದು ಟೆರಿಟೋರಿಯಲ್ ಆರ್ಮಿಯ ಒಬ್ಬ ಜವಾನನಿಗೆ.

ಪ್ರಾಣ ಕೊಡಲು ಗುಂಡೇ ತಗುಲಬೇಕೆಂದೇನಿಲ್ಲ. ಮಣಿಪುರದ ನೋನಿ ಜಿಲ್ಲೆಯ ತುಪುಲ್ ಬಳಿ ಜಿರಿಬಾಮ್–ಇಂಫಾಲ ರೈಲು ಮಾರ್ಗದ ಕಾಮಗಾರಿಗೆ 107 ಇನ್‌ಫೆಂಟ್ರಿ ಬೆಟಾಲಿಯನ್ (ಗೂರ್ಖಾ ರೈಫಲ್ಸ್) ಕಾವಲಿತ್ತು. 2022ರ ಜೂನ್ 29ರ ರಾತ್ರಿ ಗುಡ್ಡ ಕುಸಿದು ಶಿಬಿರವನ್ನೇ ನುಂಗಿತು. ಸತ್ತ ಸುಮಾರು 60 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಬೆಟಾಲಿಯನ್ನಿನ ಯೋಧರು. ಉಳಿದವರು ರೈಲು ಮಾರ್ಗದ ಕಾರ್ಮಿಕರು, ನೌಕರರು, ಊರಿನವರು.

ಮಹಿಳೆಯರಿಗೆ ಬಾಗಿಲು ತೆರೆದದ್ದು ತಡವಾಗಿ. ಕಾಯ್ದೆಯಲ್ಲಿರುವ ‘ವ್ಯಕ್ತಿ’ ಎಂಬುದರಲ್ಲಿ ಮಹಿಳೆಯರೂ ಸೇರಿದ್ದಾರೆ ಎಂದು 2018ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಡಬೇಕಾಯಿತು.

2025ರ ಮೇ ತಿಂಗಳಲ್ಲಿ, ಕಾಶ್ಮೀರದ ಪಹಲ್ಗಾಂನಲ್ಲಿ ನಡೆದ ಉಗ್ರರ ದಾಳಿಯ ಬೆನ್ನಿಗೆ ಗಡಿ ಬಿಸಿಯೇರಿದ್ದಾಗ, ಟೆರಿಟೋರಿಯಲ್ ಆರ್ಮಿಯ ಅಧಿಕಾರಿ, ಜವಾನರನ್ನು ಅಗತ್ಯಕ್ಕೆ ತಕ್ಕಂತೆ ಸೇವೆಗೆ ಕರೆಯುವ ಅಧಿಕಾರವನ್ನು ಭೂಸೇನಾ ಮುಖ್ಯಸ್ಥರಿಗೆ ನೀಡುವ ಆದೇಶ ಹೊರಬಿತ್ತು. ಇರುವ 32 ಕಾಲಾಳು ಬೆಟಾಲಿಯನ್‌ಗಳ ಪೈಕಿ 14ನ್ನು ವಿವಿಧ ಕಮಾಂಡ್‌ಗಳಲ್ಲಿ ನಿಯೋಜಿಸಲು ಅದು ಅನುಮತಿಸಿತು. ಆದೇಶದ ಅವಧಿ 2028ರ ಫೆಬ್ರವರಿ 9ರವರೆಗೆ.

ಕರೆದಾಗ ಬರುವವರಿಗೆ ದೇಶ ಏನು ಕೊಡಬೇಕು ಎಂಬುದು ಈ ಪಡೆಯ ಹಳೆಯ ತಕರಾರು. ಪಿಂಚಣಿಗೆ ಜವಾನರು 15 ವರ್ಷ, ಅಧಿಕಾರಿಗಳು 20 ವರ್ಷ ಎಂಬಾಡಿಮೆಂಟ್ ಸೇವೆ ಸಲ್ಲಿಸಿರಬೇಕು. ಬಿಡಿಬಿಡಿಯಾಗಿ ಮಾಡಿದ್ದನ್ನು ಕೂಡಿ ಲೆಕ್ಕ ಹಿಡಿಯುತ್ತಾರೆ. ಕರೆ ಬಾರದೆ ಉಳಿದವರಿಗೆ ಆ ಲೆಕ್ಕ ತುಂಬುವುದೇ ಇಲ್ಲ. ಕಾಯಂ ಸೇನೆಯಲ್ಲಿ 25 ವರ್ಷ ದುಡಿದು, ಮತ್ತೆ ಕುಮಾವೂಂನ 130ನೇ ಪರಿಸರ ಬೆಟಾಲಿಯನ್ ಸೇರಿದ್ದ ಜವಾನರೊಬ್ಬರು 2009ರಲ್ಲಿ ರಜೆಯ ಮೇಲೆ ಊರಿಗೆ ಹೋಗುವಾಗ ಅಪಘಾತವಾಗಿ ಒಂದು ಕಾಲು ಕಳೆದುಕೊಂಡರು. ಹೆಚ್ಚಿನ ಪಿಂಚಣಿ ಕೇಳುವುದಿಲ್ಲ ಎಂದು ಸೇರುವಾಗ ಬರೆದುಕೊಟ್ಟಿದ್ದೀರಿ ಎಂಬ ಕಾರಣವೂ ಅವರೆದುರು ಬಂತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಅಂಗವೈಕಲ್ಯ ಪಿಂಚಣಿ ಸಿಗದೆ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2021ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಸ್ಪಷ್ಟವಾಗಿತ್ತು: ಪರಿಸರ ಬೆಟಾಲಿಯನ್ ಟೆರಿಟೋರಿಯಲ್ ಆರ್ಮಿಯ ಭಾಗ, ಟೆರಿಟೋರಿಯಲ್ ಆರ್ಮಿ ದೇಶದ ಸೇನೆಯ ಭಾಗ, ಒಬ್ಬ ಜವಾನನಿಗೂ ಸೇನೆಗೂ ಚೌಕಾಸಿಯ ಬಲ ಸಮವಲ್ಲ, ಆದ್ದರಿಂದ ಅವನಿಂದ ಪಡೆದ ಸಹಿಯನ್ನು ಮುಂದಿಟ್ಟು ಹಕ್ಕು ತಪ್ಪಿಸುವಂತಿಲ್ಲ. ಕಾಯಂ ಸೇನೆಯವರಿಗೆ ಸಿಗುವ ಅಂಗವೈಕಲ್ಯ ಪಿಂಚಣಿ ಅವರಿಗೂ ಸಲ್ಲಬೇಕೆಂದು ಕೋರ್ಟ್ ಹೇಳಿತು.