ಕ್ಯಾಲಿಫೋರ್ನಿಯದ ಜಲಧಾರಾಗಣಿಗಳೂ ಸುವರ್ಣಶೋಧನವೂ

ಕ್ಷೇತ್ರವನ್ನರಿಯದವರು ಹೂತ ಸುವರ್ಣನಿಧಿಯ ಮೇಲೆಯೇ ಸಂಚರಿಸುತ್ತಿದ್ದರೂ ಅದನ್ನು ಪಡೆಯಲಾರರೆಂಬ ದೃಷ್ಟಾಂತವು ಛಾಂದೋಗ್ಯೋಪನಿಷತ್ತಿನಲ್ಲಿ ಬಂದಿದೆ. ಅಲ್ಲಿ ಅದು ಬ್ರಹ್ಮವಿದ್ಯೆಯ ವಿಷಯವಾಗಿ ಹೇಳಿದುದು. ಆದರೆ ಅದರ ವಾಚ್ಯಾರ್ಥವು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಹಳೆಯ ಗಣಿಗಳಿಗೆ ಚೆನ್ನಾಗಿ ಒಪ್ಪುವುದು. ಅಲ್ಲಿ ಲೋಹಶೋಧಕ ಯಂತ್ರವನ್ನು ಹಿಡಿದು ಚಿನ್ನವನ್ನರಸುವವನಿಗೆ ಯಂತ್ರಕ್ಕಿಂತಲೂ ನೆಲದ ಚರಿತ್ರೆಯೇ ಹೆಚ್ಚು ಸಹಾಯಕವಾದುದು.

ಆ ನಾಡಿನಲ್ಲಿ 1848ರಲ್ಲಿ ಚಿನ್ನವು ದೊರೆಯಿತು. ಹೊಳೆಗಳ ಮರಳು ಬರಿದಾಗುತ್ತ ಬರಲು, ಸಿಯೆರಾ ನೆವಾಡಾ ಪರ್ವತದ ಇಳಿಜಾರಿನಲ್ಲಿ ಹುದುಗಿದ್ದ ಪುರಾತನ ನದಿಗಳ ಜಲ್ಲಿಯ ಕಡೆಗೆ ಜನರ ದೃಷ್ಟಿ ಹೊರಳಿತು. 1853ರಲ್ಲಿ ಎಡ್ವರ್ಡ್ ಮ್ಯಾಟಿಸನ್ ಎಂಬಾತನು ನೆವಾಡಾ ಸಿಟಿಯ ಬಳಿ, ಕೊಳವೆಯ ತುದಿಗೆ ಮೂತಿಯನ್ನಳವಡಿಸಿ, ರಭಸದ ನೀರಿನಿಂದ ಗುಡ್ಡವನ್ನು ಕರಗಿಸುವ ಕ್ರಮವನ್ನು ಹೂಡಿದನು. ಕರಗಿದ ಮಣ್ಣು ಮರದ ಕಾಲುವೆಗಳಲ್ಲಿ ಹರಿಯುವಾಗ ಭಾರವಾದ ಚಿನ್ನವು ಅಡ್ಡಪಟ್ಟಿಗಳ ನಡುವೆ ನಿಂತು ಪಾದರಸದೊಡನೆ ಕೂಡುತ್ತಿದ್ದಿತು. ಮಾಲಕಾಫ್ ಎಂಬಲ್ಲಿ ಹೀಗೆ ಉಂಟಾದ ಕುಳಿಯು ಸುಮಾರು 7,000 ಅಡಿ ಉದ್ದವೂ 3,000 ಅಡಿ ಅಗಲವೂ ಉಳ್ಳದ್ದು.

ಗುಡ್ಡಗಳ ಮಣ್ಣು ಯೂಬಾ ನದಿಯ ಪಾತ್ರವನ್ನು ತುಂಬಿತು. ಕೆಳನಾಡಿನ ಒಕ್ಕಲಿಗರ ಹೊಲಗಳು ಹೂತವು. 1875ರಲ್ಲಿ ಮೇರಿಸ್‌ವಿಲ್ ಪಟ್ಟಣವು ಪ್ರವಾಹಕ್ಕೆ ಸಿಕ್ಕಿತು. ಕೊನೆಗೆ 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಕೊಟ್ಟ ತೀರ್ಪು, ಕಲ್ಲುಮಣ್ಣನ್ನು ನದಿಗಳಿಗೆ ಬಿಡಕೂಡದೆಂದು ವಿಧಿಸಲಾಗಿ, ದೊಡ್ಡ ಗಣಿಗಳ ಕೆಲಸವು ನಿಂತಿತು.

ಲೋಹಶೋಧಕ ಯಂತ್ರವು ಬಂದುದು ಅರ್ಧ ಶತಮಾನದ ತರುವಾಯ. ಗೆರ್ಹಾರ್ಡ್ ಫಿಷರ್ ಎಂಬಾತನಿಗೆ 1937ರಲ್ಲಿ ಅದರ ಪೇಟೆಂಟು ದೊರೆಯಿತು. ತಂತಿಸುರುಳಿಯ ವಿದ್ಯುತ್ತು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹರಡುವುದು. ಅದರಿಂದ ಲೋಹದಲ್ಲಿ ಹುಟ್ಟುವ ಪ್ರತಿಕ್ಷೇತ್ರವನ್ನು ಯಂತ್ರವು ಧ್ವನಿಯಾಗಿ ಕೇಳಿಸುವುದು. ಆದರೆ ಹುಡಿಚಿನ್ನವು ಅದಕ್ಕೆ ಗೋಚರವಾಗದು. ಆಳ ಹೆಚ್ಚಿದಂತೆ ಅದರ ಶಕ್ತಿ ಕುಂದುವುದು. ಕಬ್ಬಿಣದ ಮೊಳೆಯೂ ಕರಿಮರಳೂ ಅದನ್ನು ಮೋಸಗೊಳಿಸುವುವು. ಆದುದರಿಂದ ಕಂಡಕಂಡ ಜಲ್ಲಿಯ ರಾಶಿಯ ಮೇಲೆ ಅಲೆಯುವುದು ಬಹುಮಟ್ಟಿಗೆ ವ್ಯರ್ಥಶ್ರಮ.

ಚರಿತ್ರೆಯು ದಾರಿತೋರುವುದು ಇಲ್ಲಿಯೇ. ಪುರಾತನ ನದಿಯ ಚಿನ್ನವು ತಳಬಂಡೆಗೆ ಹತ್ತಿದ ಜಲ್ಲಿಯಲ್ಲಿ ದಟ್ಟವಾಗಿದ್ದಿತು. ಜಲಧಾರೆಯು ಮೇಲಿನ ಹೊದಿಕೆಯನ್ನು ಕಳೆದು ಅನೇಕ ಕಡೆ ಆ ಬಂಡೆಯನ್ನು ಬಯಲಿಗೆ ತಂದಿತು. ಅದರ ಬಿರುಕುಗಳಲ್ಲಿ ಸಿಕ್ಕಿದ ಗಟ್ಟಿಗಳಲ್ಲಿ ಕೆಲವು ಕಾಲುವೆಯನ್ನು ಸೇರಲೇ ಇಲ್ಲ. ಹೂಳು ಮುಚ್ಚದೆ ಉಳಿದ ಅಂತಹ ತಳದಲ್ಲಿ ಯಂತ್ರದ ಅಲ್ಪಶಕ್ತಿಯೂ ಸಾಕಾಗುವುದು. ಹಳಬರು ಎಲ್ಲಿ ತೊಳೆದರು, ಎಲ್ಲಿ ನಿಲ್ಲಿಸಿದರು ಎಂಬುದನ್ನು ಬಲ್ಲವನಿಗೆ ಮಾತ್ರ ಆ ಸ್ಥಳವು ತಿಳಿಯುವುದು.

ಆದರೆ ಕ್ಷೇತ್ರಜ್ಞಾನವೆಂದರೆ ಲಾಭಸ್ಥಾನದ ಜ್ಞಾನವಷ್ಟೇ ಅಲ್ಲ. ಕಾಲುವೆಗಳಿಂದ ಸೋರಿದ ಪಾದರಸವು ಇಂದಿಗೂ ಆ ಹೂಳಿನಲ್ಲಿದೆ. ಅದನ್ನು ಕಲಕಿದರೆ ಹೊಳೆಗೂ ಮೀನಿಗೂ ವಿಷವು ತಗಲುವುದು. ಮಾಲಕಾಫ್ ಈಗ ರಾಜ್ಯದ ಐತಿಹಾಸಿಕ ಉದ್ಯಾನವಾಗಿ ರಕ್ಷಿತವಾಗಿದೆ. ಶೋಧಕನು ಬೇಸರದಿಂದ ಬಿಸುಡುವ ತುಕ್ಕುಮೊಳೆಯು ಮರದ ಕಾಲುವೆಯು ಹಾದುಹೋದ ಜಾಡಿಗೆ ಸಾಕ್ಷಿಯಾಗಿರಬಹುದು. ಆ ನೆಲದಿಂದ ಬಂದ ಚಿನ್ನದೊಡನೆ ಆದ ಹಾನಿಯನ್ನೂ ಅರಿತವನೇ ಅದರ ಕ್ಷೇತ್ರಜ್ಞನೆನಿಸುವನು.