ಕಿರಣ ಸಣ್ಣದಾದಷ್ಟೂ ಕನ್ನಡಿಗೆ ಕಷ್ಟ

ತುಮಕೂರಿನಿಂದ ಗುಬ್ಬಿಗೆ ಹತ್ತಿರಹತ್ತಿರ 20 ಕಿಲೋಮೀಟರ್. ಇಲ್ಲಿನ ಎತ್ತರದ ಕಟ್ಟಡವೊಂದರ ಮೇಲಿಂದ ಅಲ್ಲಿಗೆ ಲೇಸರ್ ಕಿರಣ ಹಾಯಿಸಿದೆವು ಎಂದುಕೊಳ್ಳಿ. ಅದಕ್ಕೆ ದಿಕ್ಕು ಕೊಡುವ ಕನ್ನಡಿ ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು ವಾಲಿದರೆ ಕಿರಣ ಅದರ ಎರಡರಷ್ಟು ತಿರುಗಿ, ಗುಬ್ಬಿಯಲ್ಲಿ 70 ಸೆಂಟಿಮೀಟರ್ ಆಚೆ ಬೀಳುತ್ತದೆ. ಕುಣಿಗಲ್‌ನಷ್ಟು ದೂರಕ್ಕಾದರೆ ಒಂದು ಮೀಟರಿಗೂ ಹೆಚ್ಚು. ಬಿಸಿಲಿಗೆ ಕಟ್ಟಡ ಹಿಗ್ಗಿದರೆ, ಗಾಳಿಗೆ ಕಂಬ ಅಲುಗಿದರೆ ಸಾಕು, ಇಷ್ಟು ವಾಲಿಬಿಡುತ್ತದೆ. ಬೆಳಕಿನ ಸಂವಹನದ ಕಥೆಯನ್ನು ಬೆಳಕಿನ ಮೂಲಗಳ ಕಥೆಯಾಗಿ ಹೇಳುವುದು ರೂಢಿ. ನನಗಂತೂ ಅದು ಗುರಿ ಹಿಡಿಯುವ ಕನ್ನಡಿಯ ಕಥೆ.

1869ರಲ್ಲಿ ತಂತಿ ಇಲಾಖೆಯ ಹೆನ್ರಿ ಮ್ಯಾನ್ಸ್ ರೂಪಿಸಿದ, ಬಿಸಿಲಿನ ಮಿಂಚಿನಿಂದ ಸಂದೇಶ ಕಳಿಸುವ ಹೀಲಿಯೋಗ್ರಾಫ್‌ನಲ್ಲಿ ಕನ್ನಡಿಯ ನಡುವೆ ರಸ ಬಳಿಯದ ಚುಕ್ಕೆಯಿತ್ತು. ಅದರ ಮೂಲಕ ಎದುರಿನ ಗುಡ್ಡಕ್ಕೆ ಗುರಿ ಕಟ್ಟಿ, ಕೀಲಿ ಒತ್ತಿ ಕನ್ನಡಿಯನ್ನು ಚೂರು ವಾಲಿಸಿದರೆ ಅತ್ತ ಮಿಂಚು. ನಾಲ್ಕು ನಿಮಿಷಕ್ಕೆ ಸೂರ್ಯ ಒಂದು ಡಿಗ್ರಿ ಸರಿಯುವುದರಿಂದ ತಿರುಪುಗಳನ್ನು ತಿರುಗಿಸುತ್ತಲೇ ಇರಬೇಕಿತ್ತು. ಆದರೂ ಸೂರ್ಯಬಿಂಬವೇ ಅರ್ಧ ಡಿಗ್ರಿ ಅಗಲ. 20 ಕಿಲೋಮೀಟರ್ ಆಚೆ ಆ ಬೆಳಕು 180 ಮೀಟರ್ ಹರಡುತ್ತದೆ. ಕೈ ತುಸು ನಡುಗಿದರೂ ಸಂದೇಶ ಮುಟ್ಟುತ್ತಿತ್ತು. 1960ರಲ್ಲಿ ಬಂದ ಲೇಸರನ್ನು ಅದೇ ದೂರದಲ್ಲಿ ಒಂದೆರಡು ಮೀಟರಿನೊಳಗೆ ಹಿಡಿದಿಡಬಹುದು. ಬೆಳಕು ಪೋಲಾಗುವುದು ನಿಂತಿತು, ಜೊತೆಗೇ ತಪ್ಪಿಗಿದ್ದ ಜಾಗವೂ ಹೋಯಿತು.

ಹಾಗಾದರೆ ಕಿರಣವನ್ನೇ ಅಗಲಿಸಬಾರದೇ? ಅಗಲ ಹತ್ತು ಪಟ್ಟಾದರೆ ಎದುರಿನ ದೂರದರ್ಶಕಕ್ಕೆ ಸಿಗುವ ಬೆಳಕು ನೂರರಲ್ಲೊಂದಾಗುತ್ತದೆ. ಇದೇ ಲೇಸರಿನಿಂದ ಸಂದೇಶ ಕಳಿಸುವ, ವಿದ್ಯುತ್ತನ್ನು ಅಳೆದು ಬಳಸುವ ಉಪಗ್ರಹಕ್ಕೆ ಅದು ನಿಲುಕದ ಬಾಬತ್ತು. ಅದಕ್ಕೇ ಕೆಲಸವನ್ನು ಎರಡಾಗಿ ಹಂಚಿದರು. ದೊಡ್ಡ ತಿರುಗಣೆ ಸ್ಥೂಲವಾಗಿ ದಿಕ್ಕು ಹಿಡಿಯುತ್ತದೆ. ಸುರುಳಿ ಅಥವಾ ಪೀಜೋ ಹರಳುಗಳ ಮೇಲೆ ಕೂತ ಪುಟ್ಟ ಕನ್ನಡಿ ಸೆಕೆಂಡಿಗೆ ನೂರಾರು ಬಾರಿ ತನ್ನ ತಪ್ಪು ತಿದ್ದಿಕೊಳ್ಳುತ್ತದೆ. ನಾಲ್ಕು ಪಾಲಾದ ಸಂವೇದಕದಲ್ಲಿ ಯಾವ ಪಾಲಿಗೆ ಬೆಳಕು ಹೆಚ್ಚು ಬಿತ್ತೆಂಬುದೇ ಅದಕ್ಕೆ ಸುಳಿವು. ಉಪಗ್ರಹ ಓಡುತ್ತಿರುವುದರಿಂದ ಅದು ಈಗಿರುವಲ್ಲಿಗಲ್ಲ, ಬೆಳಕು ತಲುಪುವಾಗ ಇರುವಲ್ಲಿಗೆ ಗುರಿಯಿಡಬೇಕು. 2001ರಲ್ಲಿ ಸ್ಪಾಟ್-4 ಉಪಗ್ರಹದಿಂದ ಆರ್ಟೆಮಿಸ್ ಉಪಗ್ರಹಕ್ಕೆ ಸೆಕೆಂಡಿಗೆ 50 ಮೆಗಾಬಿಟ್, 2013ರಲ್ಲಿ ಚಂದ್ರನ ಕಕ್ಷೆಯಿಂದ ಭೂಮಿಗೆ 622 ಮೆಗಾಬಿಟ್ ಹರಿದದ್ದು ಈ ಲೆಕ್ಕಾಚಾರ ಕೈಗೆ ಹತ್ತಿದ್ದರಿಂದ.

ತುಮಕೂರು–ಗುಬ್ಬಿ ನಡುವೆ ಹೆದ್ದಾರಿಯಿದೆ, ರೈಲಿದೆ. ಪಕ್ಕದಲ್ಲೇ ಫೈಬರ್ ಹೂಳಿದರೆ ಮುಗಿಯಿತು, ಮಂಜು ಕವಿದರೆ ನಿಂತುಹೋಗುವ ಲೇಸರ್ ಯಾಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಮಂಜಿಗೆ ಯಾವ ಕನ್ನಡಿಯಲ್ಲೂ ಮದ್ದಿಲ್ಲ. ಆದರೆ ಕಾಲುವೆ ತೋಡಲಾಗದ ಕಡೆಗಳಿವೆ: 2021ರಲ್ಲಿ ಲೇಸರ್ ಸಂಪರ್ಕದ ತಾರಾ ಯೋಜನೆ ಬ್ರಾಜವಿಲ್ ಮತ್ತು ಕಿನ್ಶಾಸಾಗಳನ್ನು ಕಾಂಗೋ ನದಿಯ ಮೇಲೆ ಸುಮಾರು 5 ಕಿಲೋಮೀಟರಿನ ಕಿರಣದಿಂದ ಜೋಡಿಸಿತು. ಕನ್ನಡಿಯನ್ನೇ ಕೈಬಿಟ್ಟು ಬೆರಳುಗುರಿನಷ್ಟು ಚಿಪ್‌ನಲ್ಲಿ ಬೆಳಕಿನ ಅಲೆಗಳನ್ನು ಹೊಂದಿಸಿ ತಿರುಗಿಸುವ ದಾರಿಯನ್ನು 2025ರಲ್ಲಿ ಅದೇ ತಂಡ ತೋರಿಸಿದೆ. ಬಯಲಿನ ಪರೀಕ್ಷೆಯಲ್ಲಿ ಆ ಚಿಪ್ ಮುಟ್ಟಿದ್ದು 1 ಕಿಲೋಮೀಟರ್. ಗುಬ್ಬಿಗೆ ಇನ್ನೂ 19 ಬಾಕಿ.