ಏಳ್ಕೋಟಿಯ ಒತ್ತಕ್ಷರವೂ ಒಂಬತ್ತು ಪಿನ್ನುಗಳೂ

ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಜೇಜುರಿಯ ಗುಡ್ಡ ಹತ್ತುವಾಗ, ಭಂಡಾರದ ಹಳದಿ ಧೂಳಿನ ನಡುವೆ ಕಿವಿಗೆ ಬೀಳುವ ಘೋಷ ‘ಯೇಳ್ಕೋಟ್ ಯೇಳ್ಕೋಟ್ ಜಯ ಮಲ್ಹಾರ್’. ಮರಾಠಿ ಬಂಧುಗಳು ಖಂಡೋಬನೆಂದು ಪೂಜಿಸುವ ಈ ದೇವರು ನಮ್ಮ ಮೈಲಾರಲಿಂಗನೇ; ಘೋಷದ ಮೊದಲ ಮಾತು ನಮ್ಮ ‘ಏಳು ಕೋಟಿ’. ಇದು ವಾಚಕರಿಗೆ ತಿಳಿದದ್ದೇ. ಆದರೆ ಆ ಒಂದು ಮಾತನ್ನು ಗಣಕಯಂತ್ರದಿಂದ ಕನ್ನಡ ಅಕ್ಷರಗಳಲ್ಲಿ ಕಾಗದಕ್ಕಿಳಿಸುವುದು ಒಂದು ಕಾಲಕ್ಕೆ ಎಷ್ಟು ಪ್ರಯಾಸದ್ದಾಗಿತ್ತೆಂಬುದು ಅನೇಕರಿಗೆ ತಿಳಿದಿರಲಾರದು.

1980ರ ದಶಕದಲ್ಲಿ ಕಚೇರಿಗಳಿಗೆ ಬಂದ ಡಾಟ್ ಮ್ಯಾಟ್ರಿಕ್ಸ್ ಮುದ್ರಕದ ತಲೆಯಲ್ಲಿ ಒಂದರ ಕೆಳಗೊಂದು ಒಂಬತ್ತು ಪಿನ್ನುಗಳು. ಅವು ರಿಬ್ಬನ್ನಿಗೆ ಬಡಿದು ಚುಕ್ಕೆ ಮೂಡಿಸುತ್ತವೆ. ಇಂಗ್ಲಿಷ್ ಅಕ್ಷರಗಳ ಆಕಾರ ಯಂತ್ರದೊಳಗೇ ಇರುತ್ತದೆ. ಅಕ್ಷರ ದಪ್ಪವಾಗಬೇಕೆಂದರೆ ಎಪ್ಸನ್ ಪದ್ಧತಿಯಲ್ಲಿ 27, 69 ಎಂಬ ಸಂಖ್ಯೆಗಳನ್ನು ಕಳುಹಿಸಬೇಕು. ನಿಲ್ಲಿಸಲು 27, 70. ಒತ್ತೊತ್ತಾಗಿ ಬರಲು 15. ಇವು ಅಚ್ಚಾಗುವ ಅಕ್ಷರಗಳಲ್ಲ, ಯಂತ್ರಕ್ಕೆ ಕೊಡುವ ಅಪ್ಪಣೆಗಳು. ಅಪ್ಪಣೆಯೆಂದು ಯಂತ್ರಕ್ಕೆ ತಿಳಿಯದಿದ್ದರೆ 69 ಎಂಬುದು ‘ಇ’ ಎಂಬ ಇಂಗ್ಲಿಷ್ ಅಕ್ಷರವಾಗಿ ಹಾಳೆಯ ಮೇಲೆ ಕುಳಿತುಬಿಡುತ್ತದೆ!

ಕನ್ನಡಕ್ಕೆ ಈ ಅನುಕೂಲವೂ ಇರಲಿಲ್ಲ. ಕನ್ನಡದ ಆಕಾರ ಯಂತ್ರದೊಳಗಿಲ್ಲವಾದ್ದರಿಂದ ಪ್ರತಿ ಸಾಲನ್ನೂ ಚಿತ್ರವಾಗಿ, ಎಂಟೆಂಟು ಚುಕ್ಕೆ ಎತ್ತರದ ಪಟ್ಟಿಗಳಾಗಿ ಕಳುಹಿಸಬೇಕು. ‘ಏಳ್ಕೋಟಿ’ಯನ್ನೇ ನೋಡಿ. ಮರಾಠಿಯಲ್ಲಿ ಇದನ್ನು ಒತ್ತಕ್ಷರವಿಲ್ಲದೆ ಬರೆಯುತ್ತಾರೆ. ನಮ್ಮಲ್ಲಿ ಳಕಾರದ ಕೆಳಗೆ ಕಕಾರದ ಒತ್ತು ಇಳಿಯುತ್ತದೆ. ಅಂದರೆ ಮೇಲಿನ ಪಟ್ಟಿಯಲ್ಲಿ ತಲೆಕಟ್ಟು, ಕೆಳಗಿನದರಲ್ಲಿ ಒತ್ತು. ಚುಕ್ಕೆಯಿಂದ ಚುಕ್ಕೆಗೆ ಅಂಗುಲದ 72ನೆಯ ಒಂದು ಭಾಗ; ಎಂಟು ಚುಕ್ಕೆಗೆ ಎಂಟು ಭಾಗ. ಆದರೆ ಯಂತ್ರ ತಾನಾಗಿ ಕಾಗದ ಸರಿಸುವುದು ಅಂಗುಲದ ಆರನೆಯ ಒಂದು, ಎಂದರೆ ಹನ್ನೆರಡು ಭಾಗ. ನಡುವೆ ನಾಲ್ಕು ಭಾಗದ ಬಿಳಿ ಗೆರೆ ಬಿದ್ದು ಒತ್ತಕ್ಷರ ಬೇರೆ, ಮೂಲ ಅಕ್ಷರ ಬೇರೆಯಾಗುತ್ತಿತ್ತು. 27, 65, 8 ಎಂಬ ಅಪ್ಪಣೆ ಇದಕ್ಕೆ ಮದ್ದು. ಆದರೆ ಐ.ಬಿ.ಎಂ. ಪದ್ಧತಿಗೆ ಹೊಂದಿಸಿದ ಯಂತ್ರ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. 27, 50 ಎಂದು ಮತ್ತೆ ಹೇಳಿದ ಮೇಲೆಯೇ ಜಾರಿಗೆ ತರುತ್ತದೆ. (ಸರ್ಕಾರಿ ಕಚೇರಿಯಲ್ಲಿರುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.) ಇನ್ನು ಚಿತ್ರವಾಗಿ ಹೋದ ಕನ್ನಡಕ್ಕೆ 27, 69 ತಾಗುವುದೇ ಇಲ್ಲ. ದಪ್ಪ ಅಕ್ಷರವನ್ನೂ ಗಣಕವೇ ರೂಪಿಸಿ ಕಳುಹಿಸಬೇಕು.

ಪರಿಹಾರದ ಬಹುಪಾಲು ನಮ್ಮ ಪುಣೆಯಿಂದಲೇ ಬಂದಿತೆಂಬುದು ಇಲ್ಲಿಯ ಕನ್ನಡಿಗರು ಅರಿಯಬೇಕಾದ ಸಂಗತಿ. ಕಾನ್ಪುರದ ಐ.ಐ.ಟಿ.ಯಲ್ಲಿ ಮೋಹನ್ ತಾಂಬೆಯವರು ಮತ್ತು ಸಂಗಡಿಗರು ಆರಂಭಿಸಿದ ‘ಜಿಸ್ಟ್’ ಕಾರ್ಯ, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಗಣಕದೊಳಗೆ ಜಿಸ್ಟ್ ಕಾರ್ಡು ಕೂಡಿಸಿದರೆ ಭಾರತೀಯ ಲಿಪಿಗಳು ಪರದೆಗೂ ಕಾಗದಕ್ಕೂ ಬರುವಂತಾಯಿತು. ಅದರ ಸಂಕೇತಪಟ್ಟಿ ‘ಇಸ್ಕಿ’ 1991ರಲ್ಲಿ ಐ.ಎಸ್. 13194 ಎಂಬ ಭಾರತೀಯ ಮಾನಕವಾಯಿತು.

ಇಸ್ಕಿಯಲ್ಲಿ ಕಕಾರಕ್ಕೆ 179. ಕಾರ್ಡಿನ ಆಸರೆಯಿಲ್ಲದೆ ಕಡತವನ್ನು ನೇರವಾಗಿ ಮುದ್ರಕಕ್ಕೆ ಕಳುಹಿಸಿದರೆ, ಎಪ್ಸನ್ನಿನ ಓರೆ ಅಕ್ಷರಗಳ ಪಟ್ಟಿಯಲ್ಲಿ 179 ಎಂದರೆ ಓರೆಯಾದ 3. ‘ಏಳ್ಕೋಟಿ’ ಎಂಬ ಮಾತು ಅಲ್ಪವಿರಾಮ, ಆರ್, ಎಚ್, 3, ಇ, ಸಮಚಿಹ್ನೆ, ಚೌಕ ಕಂಸ ಎಂದು ಅಚ್ಚಾಗುತ್ತಿತ್ತು! ಕಂಡವರು ಯಂತ್ರ ಕೆಟ್ಟಿತೆನ್ನುತ್ತಿದ್ದರು. ಯಂತ್ರ ಕೆಟ್ಟಿರಲಿಲ್ಲ; ತನಗೆ ಗೊತ್ತಿದ್ದ ಭಾಷೆಯಲ್ಲಿ ಓದಿತ್ತು.

ಇದೇ ಪಟ್ಟಿಯ ಇನ್ನೊಂದು ವಿಶೇಷ. ಕಕಾರ ಕನ್ನಡದ್ದಾಗಲಿ ಮರಾಠಿಯದಾಗಲಿ, ಸಂಖ್ಯೆ 179 ಒಂದೇ. ಯಾವ ಲಿಪಿಯೆಂದು ಹೇಳುವುದು ಮತ್ತೊಂದು ಅಪ್ಪಣೆ: 239, 72 ಎಂದರೆ ಕನ್ನಡ, 239, 66 ಎಂದರೆ ದೇವನಾಗರಿ. ದಪ್ಪ ಅಕ್ಷರಕ್ಕೂ ಇದೇ 239ರ ಮುಂದೆ 48. ಅಕ್ಷರದ ಗಾತ್ರದಂತೆ ಲಿಪಿಯೂ ಒಂದು ಗುಣವಿಶೇಷವಷ್ಟೇ ಎಂಬ ಈ ಎಣಿಕೆ ನಮಗೆ ಬಹಳ ಮೆಚ್ಚುಗೆಯಾಗಿದೆ. ಯೂನಿಕೋಡ್ ಇದನ್ನು ಒಪ್ಪದೆ ಲಿಪಿಗೊಂದು ಪ್ರತ್ಯೇಕ ಕೋಷ್ಟಕ ಕೊಟ್ಟಿತು; ಆದರೂ ಆ ಕೋಷ್ಟಕಗಳೊಳಗಿನ ಅಕ್ಷರಗಳ ಜೋಡಣೆಗೆ 1988ರ ಇಸ್ಕಿಯೇ ಆಧಾರ.

ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ದೇವನಾಗರಿ ಓದುತ್ತಾರೆ. ಜೇಜುರಿ ಯಾತ್ರೆಯ ಕರಪತ್ರವನ್ನು ಅಜ್ಜಿಗೊಂದು, ಮೊಮ್ಮಗನಿಗೊಂದು ಎಂದು ಎರಡು ಸಲ ಬೆರಳಚ್ಚು ಮಾಡುವ ಅಗತ್ಯವಿರಲಿಲ್ಲ. 72 ಇದ್ದ ಕಡೆ 66 ಹಾಕಿದರೆ ಅದೇ ಕಡತದ ‘ಏಳ್ಕೋಟಿ’ ದೇವನಾಗರಿಯಲ್ಲಿ ಬರುತ್ತಿತ್ತು.